ಕಾಲು ಕೊಡಲೊಪ್ಪದ ಮುದುಕ

1957ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಟುಲೇನ್ ವಿಶ್ವವಿದ್ಯಾಲಯದ ಶಸ್ತ್ರವೈದ್ಯರ ಬಳಿಗೆ 76 ವರ್ಷದ ಒಬ್ಬ ಮುದುಕ ಬಂದ. ಅವನ ಕಾಲಿನಲ್ಲಿ ಹಿಂದೆ ಒಮ್ಮೆ ಚರ್ಮದ ಕ್ಯಾನ್ಸರ್ ಆಗಿತ್ತು, ಅದು ಮರುಕಳಿಸಿತ್ತು. ಈ ಸಲ ಒಂದು ಕಡೆ ಅಲ್ಲ, ಕಾಲಿನುದ್ದಕ್ಕೂ 80ಕ್ಕಿಂತ ಹೆಚ್ಚು ಗಂಟುಗಳು ಎದ್ದಿದ್ದವು. ಆ ಕಾಲದ ವೈದ್ಯಶಾಸ್ತ್ರದಲ್ಲಿ ಇದಕ್ಕೆ ಇದ್ದ ಮದ್ದು ಒಂದೇ: ತೊಡೆಯಿಂದ ಕೆಳಕ್ಕೆ ಕಾಲನ್ನೇ ತೆಗೆಯುವುದು. ಮುದುಕ ಒಪ್ಪಲಿಲ್ಲ.

ವೈದ್ಯಚರಿತ್ರೆಯಲ್ಲಿ ರೋಗಿಗಳ ನಿರಾಕರಣೆಗೆ ಹೆಚ್ಚು ಜಾಗ ಸಿಕ್ಕಿಲ್ಲ. ಔಷಧ ಕಂಡುಹಿಡಿದವರ ಹೆಸರು, ಯಂತ್ರ ಕಟ್ಟಿದವರ ಹೆಸರು ಉಳಿಯುತ್ತವೆ. ಚರ್ಮದ ಕ್ಯಾನ್ಸರ್ ಮುಂದುವರಿದಾಗ ಒಂದು ಅಂಗಕ್ಕೆ ಮಾತ್ರ ಔಷಧ ಕೊಡುವ ಚಿಕಿತ್ಸೆಯ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಅನ್ನಿಸಿದ್ದು ಬೇರೆ. ಇದರ ಮೊದಲ ಅಧ್ಯಾಯವನ್ನು ಬರೆದವರಲ್ಲಿ ಆ ಮುದುಕನೂ ಒಬ್ಬ. ಅವನು ಹೂಂ ಅಂದಿದ್ದರೆ ಆ ದಿನದ ಕೆಲಸ ಗರಗಸದಲ್ಲಿ ಮುಗಿದುಹೋಗುತ್ತಿತ್ತು.

ಅವನಿಗೆ ಬಂದಿದ್ದ ಕಾಯಿಲೆ ಮೆಲನೋಮಾ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಚರ್ಮದ ಕ್ಯಾನ್ಸರುಗಳಲ್ಲಿ ಇದಕ್ಕಿಂತ ಹೆಚ್ಚಾಗಿ ಕಾಣುವವು ಬೇರೆ ಇವೆ, ಹೆಚ್ಚು ಕೊಲ್ಲುವುದು ಇದು. 1787ರಲ್ಲಿ ಲಂಡನ್ನಿನ ಜಾನ್ ಹಂಟರ್ ಒಬ್ಬ ರೋಗಿಯ ದವಡೆಯಿಂದ ಇಂಥ ಗಂಟೊಂದನ್ನು ತೆಗೆದು ಸೀಸೆಯಲ್ಲಿ ಇಟ್ಟಿದ್ದ. ಅದು ಮೆಲನೋಮಾ ಎಂದು ಖಚಿತವಾಗಿದ್ದು ಸುಮಾರು 180 ವರ್ಷಗಳ ಮೇಲೆ. ಮುಂದೆ ಸ್ಟೆತೊಸ್ಕೋಪ್ ಕಂಡುಹಿಡಿದು ಹೆಸರಾದ ಫ್ರಾನ್ಸಿನ ಲೆನೆಕ್ 1800ರ ದಶಕದ ಆರಂಭದಲ್ಲೇ ಇದನ್ನು ಪ್ರತ್ಯೇಕ ರೋಗವೆಂದು ಗುರುತಿಸಿ ಬರೆದ. ಇಷ್ಟು ಹಳೆಯ ಪರಿಚಯವಿದ್ದರೂ ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಕತ್ತರಿಸುವುದನ್ನು ಬಿಟ್ಟು ಬೇರೆ ದಾರಿ ಇರಲಿಲ್ಲ.

ಕಾಲಿನ ಮೆಲನೋಮಾ ಕೆಲವರಲ್ಲಿ ಒಂದು ವಿಚಿತ್ರ ರೀತಿಯಲ್ಲಿ ಹರಡುತ್ತದೆ. ಮೊದಲ ಗಂಟಿನಿಂದ ಕಳಚಿಕೊಂಡ ಜೀವಕೋಶಗಳು ದುಗ್ಧರಸದ ಸಣ್ಣ ನಾಳಗಳ ಮೂಲಕ ತೊಡೆಸಂದಿನ ಗ್ರಂಥಿಗಳ ಕಡೆ ಹೊರಡುತ್ತವೆ, ಆದರೆ ಅಲ್ಲಿಗೆ ತಲುಪುವ ಮುನ್ನ ದಾರಿಯಲ್ಲೇ ಬೀಡುಬಿಡುತ್ತವೆ. ಚರ್ಮದ ಮೇಲೂ ಚರ್ಮದ ಕೆಳಗೂ ಒಂದೊಂದಾಗಿ ಗಂಟುಗಳು ಏಳುತ್ತವೆ. ಹತ್ತು ಕತ್ತರಿಸಿದರೆ ಇಪ್ಪತ್ತು ಹುಟ್ಟುತ್ತವೆ. ಎಷ್ಟೋ ಸಲ ರೋಗ ತಿಂಗಳುಗಟ್ಟಲೆ ಆ ಒಂದು ಕಾಲಿನಲ್ಲೇ ಇರುತ್ತದೆ, ಶ್ವಾಸಕೋಶ ಯಕೃತ್ತುಗಳಿಗೆ ಹೋಗಿರುವುದಿಲ್ಲ. ರೋಗ ಒಂದೇ ಅಂಗದಲ್ಲಿ ಇದೆಯೆಂದರೆ ಔಷಧವನ್ನೂ ಆ ಒಂದೇ ಅಂಗಕ್ಕೆ ಕೊಡಬಹುದಲ್ಲವೆ ಎಂಬ ಪ್ರಶ್ನೆ ಹುಟ್ಟಿದ್ದು ಇಲ್ಲಿಂದ.

ಕೊಪ್ಪಳದಿಂದ ಮುಂಡರಗಿ ಕಡೆಗೆ ಹೋಗುವ ದಾರಿಯ ಅಳವಂಡಿಯಂಥ ಊರಿಗೂ ಈ ಕಾಯಿಲೆಗೂ ಏನು ಸಂಬಂಧ ಎಂದು ಕೇಳಬಹುದು. ಮೆಲನೋಮಾ ಎಂದಕೂಡಲೆ ಬಿಳಿಯ ತೊಗಲು, ಸಮುದ್ರ ದಂಡೆ, ಬಿಸಿಲು ಕಾಯಿಸುವ ಯುರೋಪಿಯನ್ನರು ನೆನಪಾಗುತ್ತಾರೆ. ಆಸ್ಟ್ರೇಲಿಯಾ ಈ ರೋಗ ಅತಿ ಹೆಚ್ಚಾಗಿ ಕಾಣುವ ದೇಶಗಳಲ್ಲಿ ಒಂದು. ನಮ್ಮ ದೇಶದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗೂ ಬರುವುದಿಲ್ಲ. ಆದರೆ ಬಂದಾಗ ಬರುವ ಜಾಗ ಬೇರೆ. ಕಪ್ಪು, ಕಂದು ಮೈಬಣ್ಣದವರಲ್ಲಿ ಇದು ಹೆಚ್ಚಾಗಿ ಹುಟ್ಟುವುದು ಬಿಸಿಲು ಬೀಳದ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನ ಕೆಳಗೆ. ಅಳವಂಡಿ ಸೀಮೆ ಎರೆಭೂಮಿ. ಬಿತ್ತಿಗೆಯ ದಿನಗಳಲ್ಲಿ, ಎಡೆ ಹೊಡೆಯುವ ದಿನಗಳಲ್ಲಿ ಅಂಗಾಲಿಗೆ ಅಂಟಿದ ಕರಿಮಣ್ಣು ರಾತ್ರಿ ತೊಳೆದರೂ ಗೆರೆಗಳಲ್ಲಿ ಉಳಿದುಬಿಡುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿ ಮುರಿದು ಒಳಗೇ ಉಳಿಯುವುದು, ಆಣಿ ಆಗುವುದು, ಹಿಮ್ಮಡಿ ಒಡೆಯುವುದು ಇಲ್ಲಿ ಯಾರೂ ಮಾತಾಡುವ ವಿಷಯವೇ ಅಲ್ಲ. ಇಂಥ ಪಾದದ ಮೇಲೆ ಒಂದು ಕಪ್ಪು ಮಚ್ಚೆ ಮೂಡಿ ನಿಧಾನವಾಗಿ ಅಗಲವಾದರೆ ಯಾರ ಕಣ್ಣಿಗೆ ಬಿದ್ದೀತು? ಮುಳ್ಳು ಇರಬೇಕು, ಆಣಿ ಇರಬೇಕು ಎಂದುಕೊಂಡು ಬ್ಲೇಡಿನಿಂದ ಕೆರೆದು, ಸುಣ್ಣ ಹಚ್ಚಿ, ನಾಟಿ ಔಷಧ ಕಟ್ಟಿ ತಿಂಗಳುಗಳು ಸರಿಯುತ್ತವೆ. ಹುಣ್ಣಾಗಿ ರಕ್ತ ಒಸರತೊಡಗಿದ ಮೇಲೆ ದವಾಖಾನೆ. ಅಷ್ಟರಲ್ಲಿ ಕಾಲಿನ ಮೇಲೆ ಗಂಟುಗಳು ಏಳಲು ಶುರುವಾಗಿರುತ್ತವೆ. ಭಾರತದ ಕ್ಯಾನ್ಸರ್ ಆಸ್ಪತ್ರೆಗಳಿಗೆ ಬರುವ ಮೆಲನೋಮಾ ರೋಗಿಗಳಲ್ಲಿ ಬಹಳ ಮಂದಿ ಮುಂದುವರಿದ ಹಂತದಲ್ಲೇ ಬರುತ್ತಾರೆ ಎಂಬುದು ವೈದ್ಯರೆಲ್ಲ ಹೇಳುವ ಮಾತು. ಹಾಗಾಗಿ ಈ ಚಿಕಿತ್ಸೆಯ ಕಥೆ ದೂರದ್ದಲ್ಲ. ಕೂರಿಗೆಯ ಹಿಂದೆ ದಿನವಿಡೀ ನಡೆಯುವವನಿಗೆ ಕಾಲು ಹೋಯಿತೆಂದರೆ ಒಕ್ಕಲುತನವೇ ಹೋದಂತೆ.

ಆ ಮುದುಕನ ಕಾಲಿಗೆ ಹರಿಸಿದ ಔಷಧ ಹುಟ್ಟಿದ್ದು ಯುದ್ಧದಲ್ಲಿ. 1917ರ ಜುಲೈನಲ್ಲಿ ಬೆಲ್ಜಿಯಮ್ಮಿನ ಈಪ್ರ್ ಬಳಿ ಜರ್ಮನ್ ಸೈನ್ಯ ಮೊದಲ ಸಲ ಸಾಸಿವೆ ಅನಿಲ ಬಳಸಿತು. ಮೈಮೇಲೆ ಬೊಬ್ಬೆ ಎದ್ದು, ಕಣ್ಣು ಹೋಗಿ, ಉಸಿರು ಕಟ್ಟಿ ಸತ್ತವರ ರಕ್ತವನ್ನು ಪರೀಕ್ಷಿಸಿದ ವೈದ್ಯರು ಒಂದು ಸಂಗತಿ ಗಮನಿಸಿದರು: ಬಿಳಿ ರಕ್ತಕಣಗಳು ತೀರ ಕಡಿಮೆಯಾಗಿದ್ದವು, ಮೂಳೆಮಜ್ಜೆ ಬರಿದಾಗಿತ್ತು. ಎರಡನೆಯ ಮಹಾಯುದ್ಧದ ನಡುವೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಲೂಯಿಸ್ ಗುಡ್‌ಮನ್ ಮತ್ತು ಆಲ್‌ಫ್ರೆಡ್ ಗಿಲ್‌ಮನ್ ಈ ವಿಷದ ಹತ್ತಿರದ ಸಂಬಂಧಿಯಾದ ನೈಟ್ರೋಜನ್ ಮಸ್ಟರ್ಡನ್ನು ಪರೀಕ್ಷಿಸುತ್ತಿದ್ದರು. ಬಿಳಿ ಕಣಗಳನ್ನು ಕೊಲ್ಲುವ ವಸ್ತು ಬಿಳಿ ಕಣಗಳ ಕ್ಯಾನ್ಸರನ್ನೂ ಕೊಲ್ಲಬಹುದು ಎಂಬ ಯೋಚನೆ ಅವರದು. 1942ರಲ್ಲಿ ಕುತ್ತಿಗೆಯ ಗಡ್ಡೆಗಳಿಂದ ಉಸಿರಾಡಲೂ ಒದ್ದಾಡುತ್ತಿದ್ದ ಒಬ್ಬ ರೋಗಿಗೆ ಅದನ್ನು ಕೊಟ್ಟರು. ಗಡ್ಡೆಗಳು ದಿನಗಳಲ್ಲೇ ಕರಗಿದವು, ಮತ್ತೆ ಬೆಳೆದವು, ಆತ ಅದೇ ವರ್ಷ ತೀರಿಕೊಂಡ. ಯುದ್ಧದ ಗುಟ್ಟಾದ್ದರಿಂದ ಈ ವಿಷಯ ಹೊರಜಗತ್ತಿಗೆ ತಿಳಿದದ್ದು 1946ರಲ್ಲಿ.

ಈ ನಡುವೆ 1943ರ ಡಿಸೆಂಬರ್ 2ರ ರಾತ್ರಿ ಇಟಲಿಯ ಬಾರಿ ಬಂದರಿನ ಮೇಲೆ ಜರ್ಮನ್ ವಿಮಾನಗಳು ಬಾಂಬು ಸುರಿದವು. ಅಲ್ಲಿ ನಿಂತಿದ್ದ ಜಾನ್ ಹಾರ್ವೆ ಎಂಬ ಅಮೆರಿಕದ ಹಡಗಿನಲ್ಲಿ ಯಾರಿಗೂ ಹೇಳದೆ ತಂದಿಟ್ಟ ಸಾಸಿವೆ ಅನಿಲದ ಬಾಂಬುಗಳಿದ್ದವು. ವಿಷ ನೀರಿನ ಮೇಲಿನ ಎಣ್ಣೆಯಲ್ಲಿ ಬೆರೆತು, ಈಜಿ ದಡ ಸೇರಿದವರ ಮೈಗೆ ಅಂಟಿತು. 600ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು, ಅವರಲ್ಲಿ 80ಕ್ಕೂ ಹೆಚ್ಚು ಮಂದಿ ಸತ್ತರು. ಬಂದರಿನ ಊರಿನಲ್ಲಿ ಸತ್ತ ಸಾಮಾನ್ಯ ಜನರನ್ನು ಯಾರೂ ಸರಿಯಾಗಿ ಎಣಿಸಲಿಲ್ಲ. ತನಿಖೆಗೆ ಹೋದ ಅಮೆರಿಕದ ಸೇನಾವೈದ್ಯ ಸ್ಟೂವರ್ಟ್ ಅಲೆಕ್ಸಾಂಡರ್ ಮೇಲಿನವರು ಮುಚ್ಚಿಡಲು ನೋಡಿದರೂ ಕಾರಣವನ್ನು ಬಿಡದೆ ಹುಡುಕಿ ಬರೆದ. ಅವನ ವರದಿಯಲ್ಲೂ ಬಿಳಿ ಕಣಗಳು ಕಾಣೆಯಾದ ಅದೇ ಮಾತು. ಇಂದು ಕ್ಯಾನ್ಸರ್ ವಾರ್ಡಿನಲ್ಲಿ ಸಲಾಯನ್ ಬಾಟಲಿಯ ಪಕ್ಕ ತೂಗುವ ಎಷ್ಟೋ ಔಷಧಗಳ ವಂಶ ಈ ಸಾವುಗಳಿಗೆ ಹೋಗಿ ಮುಟ್ಟುತ್ತದೆ. ಅವರನ್ನು ನೆನೆಯದೆ ಈ ಚರಿತ್ರೆ ಹೇಳುವುದು ನನ್ನಿಂದ ಆಗದು.

ನೈಟ್ರೋಜನ್ ಮಸ್ಟರ್ಡ್ ಒರಟು ವಿಷ. ಅದನ್ನು ಪಳಗಿಸುವ ಕೆಲಸ ಲಂಡನ್ನಿನ ಚೆಸ್ಟರ್ ಬೀಟಿ ಸಂಶೋಧನಾ ಸಂಸ್ಥೆಯಲ್ಲಿ ನಡೆಯಿತು. 1950ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿನ ಬೆರ್ಗೆಲ್ ಮತ್ತು ಸ್ಟಾಕ್ ಅದನ್ನು ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲಕ್ಕೆ ಜೋಡಿಸಿದರು. ಸೋವಿಯತ್ ಒಕ್ಕೂಟದಲ್ಲಿ ಲಾರಿಯೊನೊವ್ ಕೂಡ ಸ್ವತಂತ್ರವಾಗಿ ಇದೇ ಜಾಡು ಹಿಡಿದಿದ್ದ. ಚರ್ಮದ ಕಪ್ಪು ಬಣ್ಣ ತಯಾರಾಗುವುದು ಇದೇ ಅಮೈನೋ ಆಮ್ಲದ ಸರಪಳಿಯಿಂದ. ಬಣ್ಣದ ಜೀವಕೋಶಗಳು ಆಹಾರವೆಂದು ಇದನ್ನು ಒಳಗೆ ಎಳೆದುಕೊಂಡರೆ ಜೊತೆಗೆ ವಿಷವೂ ಒಳಹೋಗುತ್ತದೆ ಎಂಬುದು ಲೆಕ್ಕಾಚಾರ. ಹೀಗೆ ಹುಟ್ಟಿದ ಔಷಧ ಮೆಲ್ಫಲಾನ್. ಬಾಯಿಂದಲೋ ರಕ್ತನಾಳದಿಂದಲೋ ಇಡೀ ಮೈಗೆ ಕೊಟ್ಟಾಗ ಮೆಲನೋಮಾದ ಮೇಲೆ ಅದು ಹೆಚ್ಚೇನೂ ಮಾಡಲಿಲ್ಲ. ಗಂಟು ಸಾಯುವಷ್ಟು ಕೊಟ್ಟರೆ ಮೊದಲು ಮೂಳೆಮಜ್ಜೆ ಸಾಯುತ್ತಿತ್ತು.

ಗಂಟಿಗೆ ಹೋಗುವ ಅಪಧಮನಿಗೇ ಔಷಧ ಚುಚ್ಚುವ ಪ್ರಯತ್ನವನ್ನು 1950ರಲ್ಲಿ ವಾಷಿಂಗ್ಟನ್ನಿನ ಕ್ಯಾಲ್ವಿನ್ ಕ್ಲಾಪ್ ಪ್ರಕಟಿಸಿದ್ದ. ಅದರ ಕೊರತೆ ಎದ್ದು ಕಾಣುತ್ತಿತ್ತು. ಅಪಧಮನಿಯಿಂದ ಹೋದ ಔಷಧ ಒಂದೇ ಸುತ್ತಿನಲ್ಲಿ ಅಭಿಧಮನಿಗೆ ಬಂದು ಹೃದಯ ಸೇರಿ ಇಡೀ ಮೈಗೆ ಹಬ್ಬುತ್ತದೆ. ಆ ಅಂಗವನ್ನು ಮೈಯಿಂದ ಸ್ವಲ್ಪ ಹೊತ್ತು ಬೇರ್ಪಡಿಸಬೇಕು, ಆದರೆ ಕತ್ತರಿಸಬಾರದು. ರಕ್ತ ಹರಿಯದಿದ್ದರೆ ಕಾಲು ಕೊಳೆಯುತ್ತದೆ, ಆದ್ದರಿಂದ ಹೃದಯದ ಕೆಲಸವನ್ನೂ ಶ್ವಾಸಕೋಶದ ಕೆಲಸವನ್ನೂ ಆ ಕಾಲಿಗೆ ಮಾತ್ರ ಯಾರಾದರೂ ಮಾಡಬೇಕು. ಆ ಸಾಧನ ಆಗತಾನೆ ಬಂದಿತ್ತು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ತನ್ನ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ 18 ವರ್ಷದ ಹುಡುಗಿಯೊಬ್ಬಳ ಹೃದಯ ತೆರೆದು ಯಶಸ್ವಿಯಾಗಿ ಶಸ್ತ್ರಚಿಕಿತ್ಸೆ ಮಾಡಿದ್ದ.

ಟುಲೇನ್‌ನ ಆಸ್ಕರ್ ಕ್ರೀಚ್ ಮೂಲತಃ ರಕ್ತನಾಳಗಳ ಶಸ್ತ್ರವೈದ್ಯ. ಹ್ಯೂಸ್ಟನ್ನಿನಲ್ಲಿ ಮೈಕೇಲ್ ಡಿಬೇಕಿಯ ಜೊತೆ ಉಬ್ಬಿದ ಮಹಾಧಮನಿಗಳನ್ನು ರಿಪೇರಿ ಮಾಡಿ ಕೈ ಪಳಗಿದವನು. ಎಡ್ವರ್ಡ್ ಕ್ರೆಮೆಂಟ್ಸ್ ಕ್ಯಾನ್ಸರ್ ಶಸ್ತ್ರವೈದ್ಯ. ಇನ್ನೊಬ್ಬ ರಾಬರ್ಟ್ ರಯಾನ್. ಮೂವರೂ ಸಂಗಡಿಗರೊಂದಿಗೆ ಮೊದಲು ನಾಯಿಗಳ ಮೇಲೆ ಪ್ರಯೋಗ ಮಾಡಿ, ಒಂದು ಅಂಗವನ್ನು ಬೇರ್ಪಡಿಸಿ ಔಷಧ ಹರಿಸಬಹುದು ಎಂದು ತೋರಿಸಿದರು. ರಕ್ತನಾಳ ಬಲ್ಲವನು, ಕ್ಯಾನ್ಸರ್ ಬಲ್ಲವನು, ಹೊಸ ಯಂತ್ರ, ಹೊಸ ಔಷಧ ಎಲ್ಲ ಒಂದೇ ಸೂರಿನಡಿ ಸೇರಿದ್ದ ಹೊತ್ತಿಗೆ ಕಾಲು ಕೊಡಲೊಪ್ಪದ ಮುದುಕ ಬಂದ.

ಶಸ್ತ್ರಚಿಕಿತ್ಸೆಯ ಕ್ರಮ ಹೀಗೆ. ತೊಡೆಸಂದಿಯ ಬಳಿ ಕೊಯ್ದು ಕಾಲಿಗೆ ಹೋಗುವ ಮುಖ್ಯ ಅಪಧಮನಿಯನ್ನೂ ಹಿಂತಿರುಗುವ ಅಭಿಧಮನಿಯನ್ನೂ ಹಿಡಿದು, ಅವುಗಳಿಗೆ ಕೊಳವೆ ಕೂರಿಸಿ, ಕೊಳವೆಗಳನ್ನು ಯಂತ್ರಕ್ಕೆ ಜೋಡಿಸುತ್ತಾರೆ. ಸಣ್ಣಪುಟ್ಟ ನಾಳಗಳ ಮೂಲಕ ರಕ್ತ ಸೋರದಂತೆ ತೊಡೆಯ ಬುಡಕ್ಕೆ ರಬ್ಬರಿನ ಪಟ್ಟಿ ಬಿಗಿಯುತ್ತಾರೆ. ಪಟ್ಟಿ ಜಾರದಂತೆ ಸೊಂಟದ ಮೂಳೆಗೆ ಲೋಹದ ಮೊಳೆ ಹೊಡೆದು ಅದಕ್ಕೆ ಸಿಕ್ಕಿಸುವುದು ಮುಂದೆ ರೂಢಿಯಾಯಿತು. ಈಗ ಕಾಲಿನ ರಕ್ತ ಕಾಲಿನಲ್ಲೇ ಸುತ್ತುತ್ತದೆ, ಯಂತ್ರ ಅದಕ್ಕೆ ಆಮ್ಲಜನಕ ತುಂಬುತ್ತದೆ. ತೋಟದ ಉಳಿದ ಮಡಿಗಳ ಬಾಯಿ ಮುಚ್ಚಿ ಒಂದೇ ಮಡಿಗೆ ನೀರು ಕಟ್ಟಿದ ಹಾಗೆ, ಮೆಲ್ಫಲಾನ್ ಆ ಒಂದು ಕಾಲಿಗೇ ಹರಿಯುತ್ತದೆ. ಇಡೀ ಮೈಗೆ ಕೊಟ್ಟಾಗ ತಾಳಬಹುದಾದ ಪ್ರಮಾಣಕ್ಕಿಂತ 15ರಿಂದ 25 ಪಟ್ಟು ಹೆಚ್ಚು ಸಾಂದ್ರತೆಯನ್ನು ಕಾಲಿನ ಗಂಟುಗಳು ಎದುರಿಸಬೇಕಾಗುತ್ತದೆ. ಸುಮಾರು ಒಂದರಿಂದ ಒಂದೂವರೆ ಗಂಟೆ ಕಳೆದ ಮೇಲೆ ಔಷಧವಿದ್ದ ರಕ್ತವನ್ನು ತೊಳೆದು ಹೊರಹಾಕಿ, ಕೊಳವೆ ಬಿಚ್ಚಿ, ನಾಳಗಳನ್ನು ಹೊಲಿದು ಕಾಲನ್ನು ಮತ್ತೆ ಮೈಗೆ ಒಪ್ಪಿಸುತ್ತಾರೆ.

ಮುದುಕನ ಗಂಟುಗಳು ಕರಗಿದವು. ಕರಗಿ ಮತ್ತೆ ಬರಲಿಲ್ಲ. ಅವನು ತನ್ನ ಎರಡೂ ಕಾಲುಗಳ ಮೇಲೆ ನಡೆದಾಡಿಕೊಂಡು 92ನೆಯ ವಯಸ್ಸಿನಲ್ಲಿ ತೀರಿಕೊಂಡ, ಆಗಲೂ ಮೆಲನೋಮಾದ ಸುಳಿವು ಇರಲಿಲ್ಲ. ಹೊಸ ಚಿಕಿತ್ಸೆಯ ಮೊದಲ ರೋಗಿಗೇ ಇಂಥ ಫಲ ಸಿಕ್ಕಿದ್ದು ಅಪರೂಪ. ಕ್ರೀಚ್ ಮತ್ತು ಸಂಗಡಿಗರ ಲೇಖನ 1958ರಲ್ಲಿ ಪ್ರಕಟವಾಯಿತು.

ಆ ಹೊತ್ತಿನಲ್ಲಿ ಅಳವಂಡಿ ಯಾವ ಸ್ಥಿತಿಯಲ್ಲಿತ್ತು? ಹತ್ತು ವರ್ಷಗಳಲ್ಲಿ ಊರು ಮೂರು ಆಡಳಿತ ಕಂಡಿತ್ತು. 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಸೀಮೆ. ಪಕ್ಕದ ಮುಂಡರಗಿ ಮುಂಬೈ ಪ್ರಾಂತ್ಯದ್ದಾಗಿತ್ತು. ಆಮೇಲೆ ಹೈದರಾಬಾದ್ ರಾಜ್ಯ. 1956ರ ನವೆಂಬರ್ 1ರಿಂದ ಮೈಸೂರು ರಾಜ್ಯದ ರಾಯಚೂರು ಜಿಲ್ಲೆ. ಕಾಯಿಲೆಯವರ ದಾರಿ ಮಾತ್ರ ಆಡಳಿತದ ಗೆರೆಯನ್ನು ಎಂದೂ ಕೇಳಿರಲಿಲ್ಲ. ಹತ್ತಿರಕ್ಕೆ ಗದಗ-ಬೆಟಗೇರಿಯ ಬಾಸೆಲ್ ಮಿಷನ್ ದವಾಖಾನೆ, ದೊಡ್ಡ ಆಪರೇಷನ್ನಿಗೆ ವಾನ್ಲೆಸ್ ಸಾಹೇಬರು ಕಟ್ಟಿದ ಮಿರಜದ ದವಾಖಾನೆ. ಕ್ಯಾನ್ಸರಿಗೆಂದೇ ಇದ್ದ ಆಸ್ಪತ್ರೆಯೆಂದರೆ 1941ರಲ್ಲಿ ಆರಂಭವಾದ ಮುಂಬೈಯ ಟಾಟಾ. 1955ರಲ್ಲಿ ಹೈದರಾಬಾದಿನಲ್ಲಿ ರೇಡಿಯಂ ಸಂಸ್ಥೆ ತೆರೆಯಿತು, ಮುಂದೆ ಅದಕ್ಕೆ ಮೆಹದಿ ನವಾಜ್ ಜಂಗ್ ಅವರ ಹೆಸರು ಬಂತು. ಅದು ಅಳವಂಡಿಯವರ ಸ್ವಂತ ರಾಜಧಾನಿಯ ಆಸ್ಪತ್ರೆಯಾಗಿ ಉಳಿದದ್ದು ಒಂದೇ ವರ್ಷ. ರಾಜ್ಯ ಬದಲಾದ ಮೇಲೆ ರಾಜಧಾನಿ ಬೆಂಗಳೂರಾಯಿತು, ಅಲ್ಲಿ ಕಿದ್ವಾಯಿ ಸಂಸ್ಥೆ ಹುಟ್ಟಲು ಇನ್ನೂ 17 ವರ್ಷ ಕಾಯಬೇಕಿತ್ತು. ನ್ಯೂ ಆರ್ಲಿಯನ್ಸಿನಲ್ಲಿ ಮೊದಲ ರೋಗಿಯ ಕಾಲಿಗೆ ಔಷಧ ಹರಿದ 1957ರಲ್ಲೇ ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು, ಮುಂದೆ ಕಿಮ್ಸ್ ಎಂದು ಹೆಸರಾದದ್ದು, ತನ್ನ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಅಂಗಾಲಿನ ಕಪ್ಪು ಗಂಟಿನೊಂದಿಗೆ ಈ ಸೀಮೆಯಿಂದ ಹೊರಟ ಯಾರಿಗೇ ಆದರೂ ಅಂದು ಯಾವ ಆಸ್ಪತ್ರೆಯಲ್ಲೂ ಸಿಗುತ್ತಿದ್ದ ಉತ್ತರ ಒಂದೇ ಆಗಿತ್ತು, ಕಾಲು ತೆಗೆಸಬೇಕು. ಹೃದಯ-ಶ್ವಾಸಕೋಶ ಯಂತ್ರವಿಟ್ಟು ಹೃದಯ ತೆರೆಯುವ ಶಸ್ತ್ರಚಿಕಿತ್ಸೆ ನಮ್ಮ ದೇಶದಲ್ಲಿ ಶುರುವಾದದ್ದೇ 1960ರ ದಶಕದ ಆರಂಭದಲ್ಲಿ, ವೆಲ್ಲೂರು ಮತ್ತು ಮುಂಬೈಯಲ್ಲಿ.

ಮುಂದಿನ ಮೂವತ್ತು ವರ್ಷ ಕಾಲಿಗೆ ಮಾತ್ರ ಔಷಧ ಹರಿಸುವ ಚಿಕಿತ್ಸೆಯನ್ನು ತಿದ್ದುವ ಕೆಲಸ ನಡೆಯಿತು. 1967ರಲ್ಲಿ ರೋಮ್‌ನ ಕವಾಲಿಯೆರೆ ಮತ್ತು ಸಂಗಡಿಗರು ಕ್ಯಾನ್ಸರ್ ಜೀವಕೋಶಗಳು ಶಾಖವನ್ನು ತಾಳಲಾರವು ಎಂದು ತೋರಿಸಿದರು. ಎರಡು ವರ್ಷಗಳಲ್ಲಿ ಹ್ಯೂಸ್ಟನ್ನಿನ ಸ್ಟೆಹ್ಲಿನ್ ಔಷಧದ ಜೊತೆ ರಕ್ತವನ್ನೂ ಬಿಸಿಮಾಡಿ ಹರಿಸತೊಡಗಿದ. ಬಿಸಿ ಹೆಚ್ಚಿದಂತೆ ಗಂಟುಗಳು ಕರಗಿದವು, ಕಾಲಿನ ಸ್ನಾಯುಗಳೂ ಬೆಂದವು. ಎಷ್ಟು ಬಿಸಿ ಸಾಕು ಎಂಬುದು 39, 40 ಡಿಗ್ರಿಯ ಆಸುಪಾಸಿನಲ್ಲಿ ನೆಲೆ ನಿಲ್ಲಲು ಬಹಳ ಕಾಲ ಹಿಡಿಯಿತು.

ಔಷಧ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಡಚ್ಚರು. ಮೊದಲು ರೋಗಿಯ ಮೈತೂಕದ ಮೇಲೆ ಪ್ರಮಾಣ ನಿಗದಿಯಾಗುತ್ತಿತ್ತು. ದಪ್ಪ ಹೊಟ್ಟೆಯ, ಸಣಕಲು ಕಾಲಿನವನಿಗೆ ಅದು ಅತಿಯಾಗಿ ಕಾಲು ಸುಡುತ್ತಿತ್ತು. ವೀಬರ್ಡಿಂಕ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ವಿಧಾನ ಬಹಳ ಸರಳ: ಕಾಲನ್ನು ನೀರು ತುಂಬಿದ ಪಾತ್ರೆಯಲ್ಲಿ ಮುಳುಗಿಸಿ, ಎಷ್ಟು ಲೀಟರ್ ಉಕ್ಕಿ ಹೋಯಿತು ಎಂದು ಅಳೆಯುವುದು. ಕಾಲಾದರೆ ಲೀಟರಿಗೆ 10 ಮಿಲಿಗ್ರಾಂ ಮೆಲ್ಫಲಾನ್, ಕೈಯಾದರೆ 13. ಚಿಕಿತ್ಸೆಯ ನಂತರ ಅಂಗಕ್ಕೆ ಆಗುವ ಹಾನಿಯನ್ನು ಅವರು ಐದು ಮೆಟ್ಟಿಲುಗಳಲ್ಲಿ ವಿಂಗಡಿಸಿದರು. ಮೊದಲ ಮೆಟ್ಟಿಲಲ್ಲಿ ಏನೂ ಕಾಣುವುದಿಲ್ಲ, ಎರಡನೆಯದರಲ್ಲಿ ಕೆಂಪು, ಬಾವು. ಕೊನೆಯದರಲ್ಲಿ ಕಾಲು ತೆಗೆಯಲೇಬೇಕಾಗಬಹುದು. ಕಾಲು ಉಳಿಸಲು ಹುಟ್ಟಿದ ಚಿಕಿತ್ಸೆಯಿಂದಲೇ ಕಾಲು ಹೋಗುವ ಸಾಧ್ಯತೆಯನ್ನು ಪಟ್ಟಿಯಲ್ಲಿ ಬರೆದಿಟ್ಟ ಈ ಪ್ರಾಮಾಣಿಕತೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಔಷಧ ಮೈಗೆ ಸೋರುತ್ತಿದೆಯೇ ಎಂದು ನೋಡಲು ಕಾಲಿನ ರಕ್ತಕ್ಕೆ ಅತ್ಯಲ್ಪ ವಿಕಿರಣ ವಸ್ತು ಬೆರೆಸಿ, ಎದೆಯ ಮೇಲೆ ಎಣಿಕೆ ಯಂತ್ರ ಇಡುವ ಕ್ರಮವೂ ಬಂತು.

1992ರಲ್ಲಿ ಬೆಲ್ಜಿಯಮ್ಮಿನ ಲಿಯೆನಾರ್ ಮತ್ತು ಲೆಜೂನ್ ಮೆಲ್ಫಲಾನಿನ ಜೊತೆ ಟಿಎನ್ಎಫ್ ಎಂಬ ಪ್ರಬಲ ಪ್ರೋಟೀನನ್ನು ಸೇರಿಸಿ ಬೆರಗಾಗುವಂಥ ಫಲ ವರದಿ ಮಾಡಿದರು. ಅದು ಗಂಟಿನ ರಕ್ತನಾಳಗಳನ್ನೇ ಒಡೆಯುತ್ತದೆ, ಸೋರಿ ಮೈಗೆ ಹೋದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಬರುತ್ತದೆ. ಯುರೋಪಿನಲ್ಲಿ ಕೈಕಾಲಿನ ಸಾರ್ಕೋಮಾ ಗಡ್ಡೆಗಳಿಗೆ 1999ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಮೆಲನೋಮಾದಲ್ಲಿ ಅದರಿಂದ ಹೆಚ್ಚಿನ ಲಾಭವಿಲ್ಲ, ತೊಂದರೆಯೇ ಹೆಚ್ಚು ಎಂದು 2006ರ ಅಮೆರಿಕದ ಪರೀಕ್ಷೆ ಹೇಳಿತು.

ಇದಕ್ಕಿಂತ ಮುಖ್ಯವಾದ ತೀರ್ಪು 1998ರಲ್ಲಿ ಬಂದಿತ್ತು. ರೋಗ ಮರುಕಳಿಸುವ ಮೊದಲೇ, ಮೂಲ ಗಂಟು ತೆಗೆದ ಕೂಡಲೆ ಮುನ್ನೆಚ್ಚರಿಕೆಯಾಗಿ ಈ ಚಿಕಿತ್ಸೆ ಕೊಟ್ಟರೆ ಜನ ಹೆಚ್ಚು ಕಾಲ ಬದುಕುತ್ತಾರೆಯೇ? ಹಲವು ದೇಶಗಳ 832 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಪರೀಕ್ಷೆಯ ಉತ್ತರ: ಇಲ್ಲ. ಕಾಲಿನೊಳಗಿನ ರೋಗವನ್ನು ಅಡಗಿಸಿದರೂ, ಕಣ್ಣಿಗೆ ಕಾಣದೆ ಆಗಲೇ ಮೈಗೆ ಹೋಗಿಬಿಟ್ಟ ಜೀವಕೋಶಗಳನ್ನು ಅದು ಮುಟ್ಟಲಾರದು. ಈ ಚಿಕಿತ್ಸೆ ಕಾಲು ಉಳಿಸುತ್ತದೆ, ನೋವು, ರಕ್ತಸ್ರಾವ, ದುರ್ವಾಸನೆಗಳಿಂದ ಬಿಡುಗಡೆ ಕೊಡುತ್ತದೆ, ಕೆಲವರನ್ನು ಆ ಮೊದಲ ಮುದುಕನ ಹಾಗೆ ಪೂರ್ತಿ ಗುಣಪಡಿಸುತ್ತದೆ. ಎಲ್ಲರ ಆಯುಷ್ಯವನ್ನು ಅದು ಉದ್ದ ಮಾಡುವುದಿಲ್ಲ. ಕಾಲು ತೆಗೆಸಿದರೂ ಆಯುಷ್ಯ ಹೆಚ್ಚುವುದಿಲ್ಲ ಎಂಬುದು ಈ ಅಧ್ಯಯನಗಳ ನಡುವೆ ನಿಧಾನವಾಗಿ ಸ್ಪಷ್ಟವಾಯಿತು. ಗಂಟುಗಳು ಕಾಲಿನುದ್ದ ಹರಡಿದ ಮೇಲೆ ಮಾಡುತ್ತಿದ್ದ ಎಷ್ಟೋ ಅಂಗಚ್ಛೇದನಗಳು ಬೇಡವಾಗಿದ್ದವು. ಮುದುಕನ ಹಟಕ್ಕೆ ಶಾಸ್ತ್ರದ ಸಮರ್ಥನೆ ಸಿಕ್ಕಿದ್ದು ಹೀಗೆ.

ಎಲ್ಲ ನಿರಾಕರಣೆಯೂ ಒಂದೇ ಅಲ್ಲ ಎಂಬ ಎಚ್ಚರಿಕೆ ಇಲ್ಲಿ ಬೇಕು. ಜಮೈಕಾದ ಗಾಯಕ ಬಾಬ್ ಮಾರ್ಲೆಗೆ 1977ರಲ್ಲಿ ಕಾಲಿನ ಹೆಬ್ಬೆರಳಿನ ಉಗುರಿನ ಕೆಳಗೆ ಮೆಲನೋಮಾ ಕಂಡಿತು, ನಮ್ಮ ಜನರಿಗೆ ಬರುವ ಬಗೆಯದೇ. ಬೆರಳು ತೆಗೆಯಬೇಕೆಂದಾಗ ಅವನು ತನ್ನ ಧರ್ಮದ ನಂಬಿಕೆಯಿಂದ ಒಪ್ಪಲಿಲ್ಲ. ರೋಗ ಮೈಯೆಲ್ಲ ಹಬ್ಬಿ 1981ರ ಮೇ 11ರಂದು 36ನೆಯ ವಯಸ್ಸಿಗೆ ತೀರಿಕೊಂಡ. ರೋಗ ಒಂದೇ ಬೆರಳಿನಲ್ಲಿ ಇರುವಾಗ ಆ ಬೆರಳನ್ನು ಕೊಡುವುದು ಬದುಕು ಉಳಿಸಬಲ್ಲ ಚಿಕಿತ್ಸೆ. ಇಡೀ ಕಾಲು ಕೊಡಬೇಕಾಗುವುದು ಆ ಹೊತ್ತು ಮೀರಿದ ಮೇಲೆ.

ತೊಡೆಸಂದಿ ಕೊಯ್ಯುವ, ಯಂತ್ರ ಜೋಡಿಸುವ, ನಾಲ್ಕಾರು ಗಂಟೆ ಹಿಡಿಯುವ ಈ ದೊಡ್ಡ ಶಸ್ತ್ರಚಿಕಿತ್ಸೆಯನ್ನು ಎಷ್ಟೋ ಮುದುಕರು ತಾಳಲಾರರು. ಅದನ್ನು ಸರಳಗೊಳಿಸಿದ್ದು ಸಿಡ್ನಿಯ ಜಾನ್ ಥಾಂಪ್ಸನ್, 1990ರ ದಶಕದಲ್ಲಿ. ಅವರ ವಿಧಾನದಲ್ಲಿ ದೊಡ್ಡ ಕೊಯ್ತವಿಲ್ಲ. ಎದುರು ಕಾಲಿನ ತೊಡೆಸಂದಿಯಿಂದ ಸಣ್ಣ ಕೊಳವೆಗಳನ್ನು ತೂರಿಸಿ, ಎಕ್ಸ್‌ರೇ ನೋಡಿಕೊಂಡು, ಕಾಯಿಲೆಯ ಕಾಲಿನ ನಾಳಗಳಿಗೆ ತಲುಪಿಸುತ್ತಾರೆ. ಹೃದಯದ ಆಂಜಿಯೊಗ್ರಾಂ ಮಾಡುವವರಿಗೆ ಪರಿಚಿತವಾದ ಕೈಚಳಕವೇ. ತೊಡೆಗೆ ಗಾಳಿ ತುಂಬಿದ ಪಟ್ಟಿ ಬಿಗಿದು, ಕಾಲನ್ನು ಬೆಚ್ಚಗೆ ಸುತ್ತಿ, ಮೆಲ್ಫಲಾನ್ ಮತ್ತು ಆಕ್ಟಿನೊಮೈಸಿನ್ ಎಂಬ ಇನ್ನೊಂದು ಔಷಧ ಹರಿಸುತ್ತಾರೆ. ರಕ್ತವನ್ನು ಸುತ್ತಿಸಲು ಯಂತ್ರವಿಲ್ಲ, ಕೈಯಲ್ಲಿ ಸಿರಿಂಜು ಹಿಡಿದು ಒಂದು ಕೊಳವೆಯಿಂದ ಎಳೆದು ಇನ್ನೊಂದಕ್ಕೆ ತಳ್ಳುತ್ತಾರೆ. ಆಮ್ಲಜನಕವನ್ನೂ ತುಂಬುವುದಿಲ್ಲ. ಕಾಲಿನ ರಕ್ತ ಆಮ್ಲಜನಕವಿಲ್ಲದೆ ಆಮ್ಲೀಯವಾಗುವುದು ಇಲ್ಲಿ ಲಾಭಕ್ಕೇ ಬಂತು, ಅಂಥ ಸ್ಥಿತಿಯಲ್ಲಿ ಮೆಲ್ಫಲಾನ್ ಹೆಚ್ಚು ಕೊಲ್ಲುತ್ತದೆ. ಔಷಧ ಹರಿಸುವುದು ಅರ್ಧ ಗಂಟೆ ಮಾತ್ರ, ಬೇಕೆಂದರೆ ಮತ್ತೆ ಮಾಡಬಹುದು. 2008ರಲ್ಲಿ ಪ್ರಕಟವಾದ ಸಿಡ್ನಿಯ 185 ರೋಗಿಗಳ ಲೆಕ್ಕದಲ್ಲಿ ಶೇಕಡ 84 ಮಂದಿಗೆ ಪ್ರಯೋಜನವಾಗಿತ್ತು, ಶೇಕಡ 38 ಮಂದಿಯಲ್ಲಿ ಗಂಟುಗಳು ಪೂರ್ತಿ ಮಾಯವಾಗಿದ್ದವು.

2011ರಿಂದ ಮೆಲನೋಮಾದ ಕಥೆಯೇ ತಿರುಗಿತು. ಮೈಯ ರೋಗನಿರೋಧಕ ಶಕ್ತಿಯ ಕಟ್ಟು ಬಿಚ್ಚಿ ಕ್ಯಾನ್ಸರಿನ ಮೇಲೆ ಬಿಡುವ ಔಷಧಗಳು ಬಂದವು. ಅವಕ್ಕೆ ಬುನಾದಿ ಹಾಕಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ 2018ರ ನೊಬೆಲ್ ಪಡೆದರು. ಒಂದು ಅಂಗಕ್ಕೆ ಔಷಧ ಕಟ್ಟುವ ಹಳೆಯ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ಹಿಂದೆ ಸರಿಯಿತು. ಆದರೂ ಅದರ ಮೂಲ ಯೋಚನೆ ಸಾಯಲಿಲ್ಲ. ಹೊಟ್ಟೆಯೊಳಗೆ ಹರಡಿದ ಕ್ಯಾನ್ಸರಿಗೆ ಬಿಸಿ ಔಷಧದಿಂದ ಹೊಟ್ಟೆ ತೊಳೆಯುವ ಹೈಪೆಕ್ ಚಿಕಿತ್ಸೆ ಇಂದು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲೂ ನಡೆಯುತ್ತದೆ. ಕಣ್ಣಿನ ಮೆಲನೋಮಾ ಯಕೃತ್ತಿಗೆ ಹರಡಿದಾಗ ಯಕೃತ್ತಿಗೆ ಮಾತ್ರ ಮೆಲ್ಫಲಾನ್ ಹರಿಸಿ, ಹೊರಬರುವ ರಕ್ತವನ್ನು ಸೋಸಿ ಮೈಗೆ ಮರಳಿಸುವ ಸಾಧನಕ್ಕೆ 2023ರ ಆಗಸ್ಟಿನಲ್ಲಿ ಅಮೆರಿಕ ಅನುಮತಿ ಕೊಟ್ಟಿತು.

ನಮ್ಮ ಕಡೆಯವರಿಗೆ ಇದರಲ್ಲಿ ಒಂದು ವಿಶೇಷ ಸಂಗತಿ ಇದೆ. ರೋಗನಿರೋಧಕ ಶಕ್ತಿಯ ಕಟ್ಟು ಬಿಚ್ಚುವ ಹೊಸ ಔಷಧಗಳು ಬಿಸಿಲಿನಿಂದ ಹುಟ್ಟಿದ ಬಿಳಿಯರ ಮೆಲನೋಮಾದಲ್ಲಿ ಮಾಡುವಷ್ಟು ಕೆಲಸವನ್ನು ಅಂಗಾಲಿನ ಮೆಲನೋಮಾದಲ್ಲಿ ಮಾಡುವುದಿಲ್ಲ. ಬೆಲೆಯೂ ಲಕ್ಷಗಳಲ್ಲಿ. ಮೆಲ್ಫಲಾನ್ ಎಪ್ಪತ್ತು ವರ್ಷದ ಹಳೆಯ ಔಷಧ. ಸಿಡ್ನಿಯ ವಿಧಾನಕ್ಕೆ ಬೇಕಾದ ಕೊಳವೆ, ಎಕ್ಸ್‌ರೇ ಯಂತ್ರ, ಗಾಳಿಪಟ್ಟಿ ದೊಡ್ಡ ಊರಿನ ಆಸ್ಪತ್ರೆಗಳಲ್ಲಿ ಇವೆ. ಈಗ ಕ್ಯಾನ್ಸರಿಗೆ ದಾರಿಗಳೂ ಇವೆ: 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ, ಕಲಬುರಗಿಯಲ್ಲಿ ಅದರ ಶಾಖೆ, ಹುಬ್ಬಳ್ಳಿಯ ನವನಗರದಲ್ಲಿ ಡಾ. ಆರ್. ಬಿ. ಪಾಟೀಲರು ಕಟ್ಟಿದ ಕ್ಯಾನ್ಸರ್ ಆಸ್ಪತ್ರೆ, 2015ರಿಂದ ಕೊಪ್ಪಳದಲ್ಲೇ ವೈದ್ಯಕೀಯ ಕಾಲೇಜು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ರಾಜ್ಯದಲ್ಲಿ ಮೊದಲು ಜಾರಿಯಾದದ್ದು ಕೊಪ್ಪಳವೂ ಸೇರಿದ ಕಲಬುರಗಿ ವಿಭಾಗದಲ್ಲಿಯೇ, ಬಡವರ ಕ್ಯಾನ್ಸರ್ ಚಿಕಿತ್ಸೆ ಅದರಲ್ಲಿತ್ತು. ಈಗ ಅದರ ಜಾಗದಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು ಇದೆ.

ಒಂದೇ ಅಂಗಕ್ಕೆ ಔಷಧ ಹರಿಸುವ ಚಿಕಿತ್ಸೆಗೆ ಯಂತ್ರಕ್ಕಿಂತ ಹೆಚ್ಚಾಗಿ ಬೇಕಾದದ್ದು ಅದನ್ನು ಮತ್ತೆ ಮತ್ತೆ ಮಾಡಿ ಕೈ ಪಳಗಿದ ತಂಡ. ಟುಲೇನ್‌ನಲ್ಲಿ ಕ್ರೆಮೆಂಟ್ಸ್ 35 ವರ್ಷ ಅದನ್ನೇ ಮಾಡಿದ, ಸಾವಿರಕ್ಕೂ ಹೆಚ್ಚು ರೋಗಿಗಳಿಗೆ. ಅಪರೂಪದ ಕಾಯಿಲೆಯವರು ಜಿಲ್ಲೆಗೊಬ್ಬರಂತೆ ಹತ್ತು ಆಸ್ಪತ್ರೆಗಳಲ್ಲಿ ಹಂಚಿಹೋದರೆ ಯಾರ ಕೈಯೂ ಪಳಗುವುದಿಲ್ಲ. ಅಂಗಾಲಿನ ಮೆಲನೋಮಾ ಎಂದು ಬಯಾಪ್ಸಿಯಲ್ಲಿ ಗೊತ್ತಾದವರನ್ನು ರಾಜ್ಯದ ಯಾವ ಮೂಲೆಯಿಂದಲಾದರೂ ಒಂದೇ ಕೇಂದ್ರಕ್ಕೆ, ಅದು ಬೆಂಗಳೂರಾಗಲಿ ಹುಬ್ಬಳ್ಳಿಯಾಗಲಿ, ಕಳಿಸುವ ವ್ಯವಸ್ಥೆ ಬೇಕು. ಹೋಗಿ ಬರುವ ಖರ್ಚು, ಜೊತೆಗೆ ಬಂದವರು ಉಳಿಯುವ ಖರ್ಚು ಎರಡನ್ನೂ ಆರೋಗ್ಯ ಕರ್ನಾಟಕ ಕಾರ್ಡೇ ಹೊರಬೇಕು. ಅಳವಂಡಿಯಿಂದ ಹೊರಟ ರೈತ ಚಿಕಿತ್ಸೆಯನ್ನು ನಡುವೆ ಬಿಟ್ಟು ಊರಿಗೆ ಮರಳಿದರೆ ಅದಕ್ಕೆ ಕಾರಣ ಬಹಳ ಸಲ ಇವೇ ಖರ್ಚುಗಳು.